ವೋಲ್ಟೇಜ್ ಮತ್ತು ಕರೆಂಟಿನಿಂದ ಓಮ್, ವ್ಯಾಟ್ ಲೆಕ್ಕ ಹಾಕುವ ಕ್ರಮ

ವೋಲ್ಟೇಜ್ ಇಷ್ಟು, ಕರೆಂಟ್ ಇಷ್ಟು ಎಂದು ತಿಳಿದಿದ್ದರೆ ಒಂದು ಉಪಕರಣದ ರೋಧವನ್ನೂ ಅದು ಎಳೆದುಕೊಳ್ಳುವ ವಿದ್ಯುತ್ ಸಾಮರ್ಥ್ಯವನ್ನೂ ಕಂಡುಹಿಡಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಓದುಗರು ಬೇರೆ ಬೇರೆ ರೂಪದಲ್ಲಿ ಕೇಳುತ್ತಲೇ ಇದ್ದಾರೆ. ಹತ್ತನೆಯ ತರಗತಿಯ ಮಕ್ಕಳಿಗೆ ಪರೀಕ್ಷೆಯ ಲೆಕ್ಕ ಬೇಕಾಗಿರುತ್ತದೆ. ಮನೆ ಕಟ್ಟಿಸುತ್ತಿರುವವರಿಗೆ ಯಾವ ವೈರು, ಯಾವ ಸಾಕೆಟ್ ಎಂದು ತಿಳಿಯಬೇಕಾಗಿರುತ್ತದೆ. ಇನ್ನು ಕೆಲವರಿಗೆ 1500 ವ್ಯಾಟ್ ಎಂದು ಬರೆದಿರುವ ಹೀಟರ್ ಸಂಜೆ ಹೊತ್ತು ನೀರು ಕಾಯಿಸಲು ಏಕೆ ತಡ ಮಾಡುತ್ತದೆ ಎಂಬುದೇ ಚಿಂತೆ. ಮೂವರಿಗೂ ಬೇಕಾದದ್ದು ಒಂದು ಭಾಗಾಕಾರ, ಒಂದು ಗುಣಾಕಾರ. ಆದರೂ ಉತ್ತರ ತಪ್ಪಿ ಬಂದಾಗ ಬಹುಮಟ್ಟಿಗೆ ಕಾರಣ ಒಂದೇ ಆಗಿರುತ್ತದೆ: ಒಂದೇ ಹೊತ್ತಿನಲ್ಲಿ, ಒಂದೇ ಉಪಕರಣದ ಮೇಲೆ ಅಳೆಯದ ಎರಡು ಸಂಖ್ಯೆಗಳನ್ನು ತಂದು ಜೋಡಿಸಿರುತ್ತಾರೆ. ಈ ಲೇಖನದ ಹೆಚ್ಚಿನ ಭಾಗ ಆ ತಪ್ಪನ್ನು ತಪ್ಪಿಸಲಿಕ್ಕಾಗಿಯೇ ಇದೆ.

ಮೊದಲು ನಾಲ್ಕು ಪದಗಳು

ವೋಲ್ಟೇಜ್ ಎಂದರೆ ಎರಡು ಬಿಂದುಗಳ ನಡುವಿನ ವಿಭವಾಂತರ, ಅಂದರೆ ಕರೆಂಟನ್ನು ತಳ್ಳುವ ಒತ್ತಡ; ಇದರ ಏಕಮಾನ ವೋಲ್ಟ್. ಕರೆಂಟ್ ಎಂದರೆ ತಂತಿಯಲ್ಲಿ ಒಂದು ಸೆಕೆಂಡಿಗೆ ಹರಿಯುವ ವಿದ್ಯುದಾವೇಶದ ಪ್ರಮಾಣ, ಏಕಮಾನ ಆಂಪಿಯರ್. ಮಾತಿನಲ್ಲಿ ನಾವು ‘ಕರೆಂಟ್ ಹೋಯಿತು’ ಎನ್ನುವಾಗ ವಿದ್ಯುತ್ತನ್ನೆಲ್ಲ ಒಟ್ಟಾಗಿ ಹೇಳುತ್ತೇವೆ, ಆದರೆ ಲೆಕ್ಕದಲ್ಲಿ ಈ ಪದಕ್ಕೆ ಆಂಪಿಯರ್‌ನಲ್ಲಿ ಅಳೆಯುವ ಪ್ರವಾಹ ಎಂಬ ಅರ್ಥ ಮಾತ್ರ. ಆ ಹರಿವಿಗೆ ಉಪಕರಣ ಒಡ್ಡುವ ತಡೆಯೇ ರೋಧ, ಏಕಮಾನ ಓಮ್. ಪ್ರತಿ ಸೆಕೆಂಡಿಗೆ ಎಷ್ಟು ಶಕ್ತಿ ಖರ್ಚಾಗುತ್ತಿದೆ ಎಂಬುದು ಸಾಮರ್ಥ್ಯ, ಏಕಮಾನ ವ್ಯಾಟ್. ಬಿಲ್ಲಿನಲ್ಲಿ ಬರುವ ‘ಯೂನಿಟ್’ ಸಾಮರ್ಥ್ಯವಲ್ಲ, ಶಕ್ತಿ: 1000 ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್.

ಜರ್ಮನಿಯ ಗೇಯಾರ್ಗ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ, ಉಷ್ಣತೆ ಬದಲಾಗದಿದ್ದರೆ ಲೋಹದ ತಂತಿಯಲ್ಲಿ ಹರಿಯುವ ಕರೆಂಟ್ ವೋಲ್ಟೇಜಿಗೆ ನೇರ ಅನುಪಾತದಲ್ಲಿರುತ್ತದೆ. ನಮಗೆ ಬೇಕಾದ ಎರಡು ಸೂತ್ರಗಳು ಇವು:

ರೋಧ = ವೋಲ್ಟೇಜ್ ÷ ಕರೆಂಟ್
ಸಾಮರ್ಥ್ಯ = ವೋಲ್ಟೇಜ್ × ಕರೆಂಟ್

‘ಉಷ್ಣತೆ ಬದಲಾಗದಿದ್ದರೆ’ ಎಂಬ ಮಾತನ್ನು ಗಮನದಲ್ಲಿಡಿ. ಮುಂದೆ ಬಲ್ಬಿನ ವಿಷಯ ಬಂದಾಗ ಅದು ಬೇಕಾಗುತ್ತದೆ.

ಬೇಕಾಗುವ ಸಲಕರಣೆ, ಪಾಲಿಸಬೇಕಾದ ಎಚ್ಚರಿಕೆ

ಬ್ಯಾಟರಿಯ ಮೇಲೆ ಓಡುವ ಸಣ್ಣ ಸರ್ಕ್ಯೂಟ್‌ಗಳಿಗೆ ವೋಲ್ಟ್, ಆಂಪಿಯರ್, ಓಮ್ ಮೂರನ್ನೂ ಅಳೆಯುವ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಮನೆಯ 230 ವೋಲ್ಟ್ ಲೈನಿನಲ್ಲಿ ಕರೆಂಟ್ ಅಳೆಯಲು ಕ್ಲಾಂಪ್ ಮೀಟರ್ ಬೇಕು. ಇದು ದವಡೆಯಂತೆ ತೆರೆದುಕೊಂಡು ತಂತಿಯನ್ನು ಸುತ್ತುವರಿಯುವ, ತಂತಿಯನ್ನು ಕತ್ತರಿಸದೆಯೇ ಕರೆಂಟ್ ತೋರಿಸುವ ಉಪಕರಣ. ಇವೆರಡಕ್ಕಿಂತ ಮನೆಮಂದಿಗೆ ಸುರಕ್ಷಿತವಾದದ್ದು ಸಾಕೆಟ್ಟಿಗೆ ಸಿಕ್ಕಿಸುವ ಪವರ್ ಮೀಟರ್. ಅದರ ಮೂಲಕ ಉಪಕರಣವನ್ನು ಓಡಿಸಿದರೆ ವೋಲ್ಟ್, ಆಂಪಿಯರ್, ವ್ಯಾಟ್ ಮೂರನ್ನೂ ಅದೇ ಕ್ಷಣದಲ್ಲಿ ತೋರಿಸುತ್ತದೆ. ಹೀಟರ್‌ನಂಥ ಭಾರಿ ಉಪಕರಣಕ್ಕಾದರೆ 16 ಆಂಪಿಯರ್ ತಾಳಿಕೊಳ್ಳುವಂಥದ್ದನ್ನೇ ಕೊಳ್ಳಿ.

ಸ್ವಿಚ್ ಬೋರ್ಡ್ ಬಿಚ್ಚುವ ಕೆಲಸ, ಎಂಸಿಬಿ (ಕರೆಂಟ್ ಮಿತಿಮೀರಿದಾಗ ತಾನಾಗಿಯೇ ಬೀಳುವ ಸ್ವಿಚ್) ಪೆಟ್ಟಿಗೆಯ ಒಳಗೆ ಅಳೆಯುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಸೇರಿದ್ದು. ಲೆಕ್ಕ ನೀವೇ ಹಾಕಬಹುದು, ಅಳತೆಯನ್ನು ಅವರಿಂದ ಮಾಡಿಸಿಕೊಳ್ಳಿ.

ಹಂತ 1: ಉಪಕರಣದ ಮೇಲೆ ಬರೆದಿರುವುದನ್ನು ಓದಿ

ಉದಾಹರಣೆಗೆ, ಬಕೆಟ್ಟಿನಲ್ಲಿ ಇಳಿಬಿಟ್ಟು ನೀರು ಕಾಯಿಸುವ ಹೀಟರ್ ಕಾಯಿಲನ್ನು ತೆಗೆದುಕೊಳ್ಳೋಣ. ಅದರ ಹಿಡಿಯ ಮೇಲೆ ‘230 ವೋಲ್ಟ್, 1500 ವ್ಯಾಟ್’ ಎಂದಿದೆ. ಇದರ ಅರ್ಥ, 230 ವೋಲ್ಟ್ ಸಿಕ್ಕಿದಾಗ ಮಾತ್ರ ಅದು 1500 ವ್ಯಾಟ್ ಎಳೆಯುತ್ತದೆ ಎಂದು. ಸಾಮರ್ಥ್ಯವನ್ನು ವೋಲ್ಟೇಜಿನಿಂದ ಭಾಗಿಸಿದರೆ ಕರೆಂಟ್ ಸಿಗುತ್ತದೆ: 1500 ÷ 230 = 6.52 ಆಂಪಿಯರ್. ರೋಧ 230 ÷ 6.52 = 35.3 ಓಮ್.

ಈ ಒಂದು ಭಾಗಾಕಾರದಿಂದಲೇ ಒಂದು ತೀರ್ಮಾನ ಹೊರಡುತ್ತದೆ. ನಮ್ಮ ಮನೆಗಳಲ್ಲಿರುವ ಸಣ್ಣ ಸಾಕೆಟ್ 6 ಆಂಪಿಯರ್‌ನದು, ದೊಡ್ಡದು 16 ಆಂಪಿಯರ್‌ನದು. 6.52 ಆಂಪಿಯರ್ ಎಳೆಯುವ ಈ ಹೀಟರನ್ನು ಅಡಾಪ್ಟರ್ ಹಾಕಿ ಸಣ್ಣ ಸಾಕೆಟ್ಟಿಗೆ ಸಿಕ್ಕಿಸುವುದು ತಪ್ಪು. ಒಂದು ದಿನಕ್ಕೆ ಏನೂ ಆಗದೆ ಇರಬಹುದು, ಆದರೆ ದಿನವೂ ಅರ್ಧ ಗಂಟೆ ಮಿತಿಮೀರಿ ಬಿಸಿಯಾಗುವ ಸಾಕೆಟ್ಟಿನ ಒಳಗಿನ ಹಿತ್ತಾಳೆಯ ಹಿಡಿತ ಸಡಿಲವಾಗುತ್ತ ಹೋಗುತ್ತದೆ.

ಹಂತ 2: ಉಪಕರಣ ಯಾವ ಬಗೆಯದು ಎಂದು ಗುರುತಿಸಿ

ಹೀಟರ್, ಗೀಸರ್, ಇಸ್ತ್ರಿ ಪೆಟ್ಟಿಗೆಗಳಲ್ಲಿ ಇರುವುದು ಕಾಯುವ ತಂತಿ. ಮೇಲಿನ ಎರಡೂ ಸೂತ್ರಗಳು ಇವುಗಳಿಗೆ ಹಾಗೆಯೇ ಹೊಂದುತ್ತವೆ. ಬ್ಯಾಟರಿ ಮತ್ತು ರೋಧಕಗಳ ಸರ್ಕ್ಯೂಟಿಗೂ ಹೊಂದುತ್ತವೆ. ಫ್ಯಾನ್, ಮಿಕ್ಸಿ, ಫ್ರಿಜ್, ಪಂಪ್‌ಸೆಟ್‌ಗಳಂಥ ಮೋಟರ್ ಇರುವವು ಮತ್ತು ಎಲ್‌ಇಡಿ ಬಲ್ಬ್, ಚಾರ್ಜರ್, ಟಿವಿಯಂಥ ಎಲೆಕ್ಟ್ರಾನಿಕ್ ಉಪಕರಣಗಳು ಬೇರೆ ಗುಂಪು. ಅವುಗಳ ಲೆಕ್ಕವನ್ನು ಕೊನೆಯ ಹಂತದಲ್ಲಿ ನೋಡೋಣ.

ಹಂತ 3: ಉಪಕರಣ ಓಡುತ್ತಿರುವಾಗಲೇ ವೋಲ್ಟೇಜ್ ಅಳೆಯಿರಿ

ಮಲ್ಟಿಮೀಟರಿನ ಗುಂಡಿಯನ್ನು ಎಸಿ ವೋಲ್ಟೇಜಿನ ಅತಿ ದೊಡ್ಡ ಶ್ರೇಣಿಗೆ, ಸಾಮಾನ್ಯವಾಗಿ 600 ಅಥವಾ 750 ಎಂದಿರುವ ಕಡೆಗೆ ತಿರುಗಿಸಿ. ಎಸಿ ಎಂದರೆ ಮನೆಯ ಲೈನಿನಲ್ಲಿ ಬರುವ ಪರ್ಯಾಯ ವಿದ್ಯುತ್. ಬ್ಯಾಟರಿಯದು ಡಿಸಿ, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವಂಥದ್ದು. ಕಪ್ಪು ವೈರ್ ‘ಕಾಮನ್’ ತೂತಿನಲ್ಲಿ, ಕೆಂಪು ವೈರ್ ವೋಲ್ಟ್ ತೂತಿನಲ್ಲಿ ಇದೆಯೇ ಎಂದು ಪ್ರತಿ ಸಲವೂ ಕಣ್ಣಿಂದ ನೋಡಿ ಖಚಿತಪಡಿಸಿಕೊಳ್ಳಿ. ಹಿಂದಿನ ಸಲ ಕರೆಂಟ್ ಅಳೆಯಲು 10 ಆಂಪಿಯರ್ ತೂತಿಗೆ ಹಾಕಿದ್ದ ಕೆಂಪು ವೈರನ್ನು ಅಲ್ಲಿಯೇ ಬಿಟ್ಟು ಸಾಕೆಟ್ಟಿಗೆ ತಾಗಿಸಿದರೆ ಮೀಟರ್ ಬರಿಯ ತಂತಿಯ ತುಂಡಿನಂತೆ ವರ್ತಿಸಿ ನೇರವಾಗಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಕಿಡಿ ಹಾರಿ ಕೈ ಸುಟ್ಟುಕೊಳ್ಳುವ ಅಪಾಯ ಇರುವುದು ಇಲ್ಲಿಯೇ.

ಹೀಟರ್ ಆಫ್ ಇರುವಾಗ ಅಳೆದ ವೋಲ್ಟೇಜ್ ಲೆಕ್ಕಕ್ಕೆ ಬರುವುದಿಲ್ಲ. ಹೀಟರ್ ಆನ್ ಆದ ಕೂಡಲೇ ವೈರಿಂಗಿನಲ್ಲಿ ಕೆಲವು ವೋಲ್ಟ್ ಇಳಿಯುತ್ತವೆ. ಕಾಯಿಲನ್ನು ಮೊದಲು ನೀರಿಗೆ ಇಳಿಬಿಟ್ಟು ಅನಂತರ ಸ್ವಿಚ್ ಹಾಕಿ, ಓಡುತ್ತಿರುವಾಗ ನೀರನ್ನಾಗಲಿ ಬಕೆಟನ್ನಾಗಲಿ ಮುಟ್ಟಬೇಡಿ. ಅದೇ ಬೋರ್ಡಿನ ಪಕ್ಕದ ಸಾಕೆಟ್ಟಿನಲ್ಲಿ ಅಳೆದರೆ ಸಾಕು. ನಮ್ಮ ಉದಾಹರಣೆಯಲ್ಲಿ ಸಂಜೆ ಏಳು ಗಂಟೆಗೆ 212 ವೋಲ್ಟ್ ಸಿಕ್ಕಿತು ಎಂದಿಟ್ಟುಕೊಳ್ಳೋಣ.

ಹಂತ 4: ಅದೇ ಹೊತ್ತಿನಲ್ಲಿ ಕರೆಂಟ್ ಅಳೆಯಿರಿ

ಕ್ಲಾಂಪ್ ಮೀಟರನ್ನು ಹೀಟರಿನ ಇಡೀ ಕೇಬಲ್ಲಿನ ಸುತ್ತ ಹಾಕಿದರೆ ಸೊನ್ನೆ ಬರುತ್ತದೆ. ಫೇಸ್ ತಂತಿಯಲ್ಲಿ ಹೋಗುವ ಕರೆಂಟೂ ನ್ಯೂಟ್ರಲ್ ತಂತಿಯಲ್ಲಿ ಮರಳುವ ಕರೆಂಟೂ ಸಮನಾಗಿದ್ದು ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಅಳಿಸಿಹಾಕುವುದೇ ಅದಕ್ಕೆ ಕಾರಣ. ಮೀಟರ್ ಕೆಟ್ಟಿದೆ ಎಂದು ಅಂಗಡಿಗೆ ಮರಳಿಸುವವರು ಇದನ್ನೊಮ್ಮೆ ಪರೀಕ್ಷಿಸಬೇಕು. ದವಡೆಯ ಒಳಗೆ ಒಂದೇ ಒಂದು ತಂತಿ ಇರಬೇಕು. ಹಾಗೆಂದು ಕೇಬಲ್ಲಿನ ಹೊರಪದರವನ್ನು ಸೀಳಬೇಡಿ. ಎಲೆಕ್ಟ್ರಿಷಿಯನ್ ಎಂಸಿಬಿ ಪೆಟ್ಟಿಗೆಯಲ್ಲಿ ಆ ಸಾಲಿನ ಫೇಸ್ ತಂತಿಯೊಂದಕ್ಕೇ ಕ್ಲಾಂಪ್ ಹಾಕಿ, ಉಳಿದ ಉಪಕರಣಗಳನ್ನೆಲ್ಲ ಆಫ್ ಮಾಡಿಸಿ ಅಳೆಯಬಲ್ಲರು. ಪವರ್ ಮೀಟರ್ ಇದ್ದರೆ ಈ ತೊಂದರೆಯೇ ಇಲ್ಲ. ನಮ್ಮ ಅಳತೆ 6.0 ಆಂಪಿಯರ್.

ಬ್ಯಾಟರಿಯ ಸಣ್ಣ ಸರ್ಕ್ಯೂಟಿನಲ್ಲಾದರೆ ಮಲ್ಟಿಮೀಟರನ್ನು ಸರಣಿಯಲ್ಲಿ, ಅಂದರೆ ಕರೆಂಟ್ ಮೀಟರಿನ ಮೂಲಕವೇ ಹಾದುಹೋಗುವಂತೆ ಸೇರಿಸಬೇಕು. ವೋಲ್ಟೇಜ್ ಅಳೆಯುವಾಗ ಮಾಡಿದಂತೆ ಎರಡು ತುದಿಗಳಿಗೆ ಅಡ್ಡಲಾಗಿ ಹಿಡಿದರೆ ಒಳಗಿನ ಫ್ಯೂಸ್ ಹೋಗುತ್ತದೆ.

ಹಂತ 5: ಏಕಮಾನಗಳನ್ನು ಸರಿಪಡಿಸಿಕೊಳ್ಳಿ

ಸೂತ್ರಕ್ಕೆ ಹಾಕುವ ಮುನ್ನ ಎಲ್ಲವೂ ವೋಲ್ಟ್ ಮತ್ತು ಆಂಪಿಯರ್‌ನಲ್ಲಿರಬೇಕು. ಸಣ್ಣ ಸರ್ಕ್ಯೂಟ್‌ಗಳಲ್ಲಿ ಮೀಟರ್ ಮಿಲಿಆಂಪಿಯರ್ ತೋರಿಸುತ್ತದೆ. ಅದು ಆಂಪಿಯರಿನ ಸಾವಿರದ ಒಂದು ಭಾಗ. 12 ವೋಲ್ಟಿಗೆ 20 ಮಿಲಿಆಂಪಿಯರ್ ಹರಿದರೆ ರೋಧ 12 ÷ 0.020 = 600 ಓಮ್. ಪರೀಕ್ಷೆಯಲ್ಲಿ 12 ÷ 20 = 0.6 ಓಮ್ ಎಂದು ಬರೆದು ಅಂಕ ಕಳೆದುಕೊಳ್ಳುವ ಮಕ್ಕಳು ಕಡಿಮೆಯಿಲ್ಲ. ಸಾಮರ್ಥ್ಯ 12 × 0.020 = 0.24 ವ್ಯಾಟ್. ಅಲ್ಲಿಗೆ ಕಾಲು ವ್ಯಾಟಿನ ರೋಧಕ ತನ್ನ ಮಿತಿಯ ಅಂಚಿನಲ್ಲಿ ಕೆಲಸ ಮಾಡುತ್ತಿದೆ ಎಂದಾಯಿತು. ಅರ್ಧ ವ್ಯಾಟಿನದನ್ನು ಹಾಕುವುದೇ ಒಳ್ಳೆಯದು.

ಹಂತ 6: ಭಾಗಿಸಿ, ಗುಣಿಸಿ

ಹೀಟರಿಗೆ ಮರಳೋಣ.

ರೋಧ = 212 ÷ 6.0 = 35.3 ಓಮ್
ಸಾಮರ್ಥ್ಯ = 212 × 6.0 = 1272 ವ್ಯಾಟ್

ಹಂತ 1ರಲ್ಲಿ ಬರೆಹದಿಂದ ಪಡೆದ ರೋಧವೂ ಈಗ ಅಳತೆಯಿಂದ ಪಡೆದ ರೋಧವೂ ಒಂದೇ ಆಗಿವೆ. ಹೀಟರ್ ಚೆನ್ನಾಗಿಯೇ ಇದೆ. ಬದಲಾಗಿರುವುದು ಸಾಮರ್ಥ್ಯ: 1500 ಇರಬೇಕಾದದ್ದು 1272ಕ್ಕೆ ಇಳಿದಿದೆ. ವೋಲ್ಟೇಜ್ ಸುಮಾರು ಶೇ. 8ರಷ್ಟು ಕಡಿಮೆಯಾದರೆ ಸಾಮರ್ಥ್ಯ ಶೇ. 15ರಷ್ಟು ಏಕೆ ಬೀಳಬೇಕು? ವೋಲ್ಟೇಜ್ ಇಳಿದಾಗ ಕರೆಂಟೂ ಅದೇ ಅನುಪಾತದಲ್ಲಿ ಇಳಿಯುತ್ತದೆ, ಎರಡೂ ಇಳಿದು ಗುಣಾಕಾರವಾಗುವುದರಿಂದ ಇಳಿಕೆ ಹೆಚ್ಚುಕಡಿಮೆ ಇಮ್ಮಡಿಯಾಗಿ ಕಾಣುತ್ತದೆ. ಸೂತ್ರದ ಇನ್ನೊಂದು ರೂಪ ಇದನ್ನೇ ಹೇಳುತ್ತದೆ: ಸಾಮರ್ಥ್ಯ = ವೋಲ್ಟೇಜಿನ ವರ್ಗ ÷ ರೋಧ.

ಮೊದಲೇ ಹೇಳಿದ ಜೋಡಣೆಯ ತಪ್ಪು ಇಲ್ಲಿ ಹೇಗೆ ನುಸುಳುತ್ತದೆ ಎಂದು ನೋಡಿ. ಹಿಡಿಯ ಮೇಲಿನ 1500 ವ್ಯಾಟನ್ನು ಅಳೆದ 212 ವೋಲ್ಟಿನಿಂದ ಭಾಗಿಸಿದರೆ 7.08 ಆಂಪಿಯರ್ ಬರುತ್ತದೆ. ‘ವೋಲ್ಟೇಜ್ ಕಡಿಮೆಯಾದರೆ ಕರೆಂಟ್ ಹೆಚ್ಚುತ್ತದೆ’ ಎಂದು ಹಲವರು ಹೇಳುವ ಮಾತಿಗೆ ಈ ಲೆಕ್ಕವೇ ಆಧಾರ. ಹೀಟರಿನ ಮಟ್ಟಿಗೆ ಆ ಮಾತು ಪೂರಾ ತಪ್ಪು. ಕಾಯುವ ತಂತಿಯ ರೋಧ ಅಷ್ಟೇ ಇರುವುದರಿಂದ ಕರೆಂಟ್ 6.52ರಿಂದ 6.0ಕ್ಕೆ ಇಳಿದಿದೆ. ಒಂದು ಸಂಖ್ಯೆ ಬರೆಹದ್ದಾದರೆ ಇನ್ನೊಂದೂ ಬರೆಹದ್ದೇ ಆಗಿರಲಿ, ಒಂದು ಅಳತೆಯದ್ದಾದರೆ ಇನ್ನೊಂದೂ ಅಳತೆಯದ್ದೇ ಆಗಿರಲಿ.

ಈಗ ಆ ಸಂಜೆಯ ಪ್ರಶ್ನೆಗೆ ಉತ್ತರ ಕೊಡಬಹುದು. 20 ಲೀಟರ್ ನೀರನ್ನು 22 ಡಿಗ್ರಿಯಿಂದ 50 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 0.65 ಯೂನಿಟ್ ಶಕ್ತಿ ಬೇಕು. ಹೊರಕ್ಕೆ ಸೋರಿಹೋಗುವ ಶಾಖವನ್ನು ಬದಿಗಿಟ್ಟರೆ, 1500 ವ್ಯಾಟಿನಲ್ಲಿ ಅದಕ್ಕೆ 26 ನಿಮಿಷ, 1272 ವ್ಯಾಟಿನಲ್ಲಿ ಸುಮಾರು 31 ನಿಮಿಷ. ಯೂನಿಟ್ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಕಾಯುವ ಹೊತ್ತು ಮಾತ್ರ ಬೆಳೆಯುತ್ತದೆ.

ಹಂತ 7: ಉತ್ತರವನ್ನು ಇನ್ನೊಂದು ದಾರಿಯಿಂದ ಪರೀಕ್ಷಿಸಿ

ಯಾವ ತಂತಿಯನ್ನೂ ಮುಟ್ಟದೆ ಸಾಮರ್ಥ್ಯ ಅಳೆಯುವ ಒಂದು ವಿಧಾನ ಪ್ರತಿ ಮನೆಯಲ್ಲೂ ಇದೆ, ಆದರೆ ಬಳಸುವವರು ಕಡಿಮೆ. ವಿದ್ಯುತ್ ಮಂಡಳಿಯ ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಬಾರಿ ಮಿನುಗುತ್ತದೆ ಎಂಬುದು ಪಕ್ಕದಲ್ಲಿಯೇ ಮುದ್ರಿತವಾಗಿರುತ್ತದೆ. 1600 ಅಥವಾ 3200 ಸಾಮಾನ್ಯವಾಗಿ ಕಾಣುವ ಸಂಖ್ಯೆಗಳು. ಮನೆಯ ಉಳಿದೆಲ್ಲ ಉಪಕರಣಗಳನ್ನು ಆಫ್ ಮಾಡಿ, ಹೀಟರ್ ಒಂದನ್ನೇ ಓಡಿಸಿ, ಒಂದು ನಿಮಿಷ ಎಣಿಸಿ. 3200ರ ಮೀಟರ್ ನಿಮಿಷಕ್ಕೆ 68 ಬಾರಿ ಮಿನುಗಿದರೆ ಗಂಟೆಗೆ 4080 ಆಯಿತು; 4080 ÷ 3200 = 1.275 ಕಿಲೋವ್ಯಾಟ್, ಅಂದರೆ 1275 ವ್ಯಾಟ್. ನಮ್ಮ 1272ಕ್ಕೆ ಇದು ಸಾಕಷ್ಟು ಹತ್ತಿರ. ಫ್ರಿಜ್ ಅಥವಾ ಯುಪಿಎಸ್ ಆಫ್ ಮಾಡಲು ಮರೆತರೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ.

ರೋಧವನ್ನು ಪರೀಕ್ಷಿಸಲು ಹೀಟರನ್ನು ಸಾಕೆಟ್ಟಿನಿಂದ ಪೂರ್ತಿ ಹೊರತೆಗೆದು, ಮಲ್ಟಿಮೀಟರನ್ನು ಓಮ್ ಶ್ರೇಣಿಗೆ ತಿರುಗಿಸಿ, ಪ್ಲಗ್ಗಿನ ಫೇಸ್ ಮತ್ತು ನ್ಯೂಟ್ರಲ್ ಪಿನ್‌ಗಳ ನಡುವೆ ಅಳೆಯಿರಿ. ವಿದ್ಯುತ್ ಹರಿಯುತ್ತಿರುವ ಉಪಕರಣದ ಮೇಲೆ ಓಮ್ ಅಳತೆಯನ್ನು ಎಂದಿಗೂ ಮಾಡಬಾರದು. ಕಾಯುವ ತಂತಿ ನೈಕ್ರೋಮ್ ಎಂಬ ನಿಕ್ಕಲ್-ಕ್ರೋಮಿಯಂ ಮಿಶ್ರಲೋಹದ್ದಾಗಿದ್ದರೆ ಬಿಸಿಗೂ ತಣ್ಣಗಿನ ಸ್ಥಿತಿಗೂ ರೋಧದಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ, ಹಾಗಾಗಿ 35 ಓಮ್‌ನ ಆಸುಪಾಸಿನಲ್ಲಿ ಉತ್ತರ ಸಿಗಬೇಕು. ಇದೇ ಹೊತ್ತಿನಲ್ಲಿ ಫೇಸ್ ಪಿನ್ನಿಗೂ ಅರ್ಥ್ ಪಿನ್ನಿಗೂ ನಡುವೆಯೂ ಅಳೆದುಬಿಡಿ. ಅಲ್ಲಿ ಮೀಟರ್ ‘ಓಎಲ್’ ಎಂದು, ಅಂದರೆ ಅಳತೆಗೆ ಮೀರಿದ ರೋಧ ಎಂದು ತೋರಿಸಬೇಕು. ಸಂಖ್ಯೆಯೇನಾದರೂ ಬಂದರೆ ತಂತಿಯಿಂದ ಹೊರಕವಚಕ್ಕೆ ವಿದ್ಯುತ್ ಸೋರುತ್ತಿದೆ ಎಂದು ಶಂಕಿಸಿ, ಆ ಹೀಟರನ್ನು ಮತ್ತೆ ನೀರಿಗೆ ಇಳಿಸಬೇಡಿ.

ಹಳೆಯ ತಂತಿಬಲ್ಬಿನಲ್ಲಿ ಹೀಗೆ ಮಾಡಿದವರು ಗೊಂದಲಕ್ಕೆ ಬೀಳುತ್ತಾರೆ. 60 ವ್ಯಾಟಿನ ಬಲ್ಬ್ 230 ವೋಲ್ಟಿನಲ್ಲಿ 0.26 ಆಂಪಿಯರ್ ಎಳೆಯುತ್ತದೆ, ರೋಧ ಸುಮಾರು 880 ಓಮ್. ಆರಿಸಿ, ತಣ್ಣಗಾದ ಮೇಲೆ ಮಲ್ಟಿಮೀಟರ್ ಹಿಡಿದರೆ ಅದರ ಹತ್ತರಿಂದ ಹದಿನೈದರಲ್ಲಿ ಒಂದು ಭಾಗ ಮಾತ್ರ ಕಾಣುತ್ತದೆ. ಎರಡೂ ಸರಿ. ಉರಿಯುವಾಗ ಟಂಗ್‌ಸ್ಟನ್ ಎಳೆ ಎರಡು ಸಾವಿರ ಡಿಗ್ರಿಗೂ ಮೀರಿ ಕಾದು ಅದರ ರೋಧ ಅಷ್ಟೊಂದು ಏರಿರುತ್ತದೆ. ತಣ್ಣಗಿನ ರೋಧ ಇಟ್ಟುಕೊಂಡು ವ್ಯಾಟ್ ಲೆಕ್ಕ ಹಾಕಬೇಡಿ.

ಹಂತ 8: ವೈರಿನಲ್ಲಿ ಕಳೆದುಹೋಗುವುದನ್ನೂ ಲೆಕ್ಕ ಹಾಕಿ

ಕರೆಂಟ್ ಗೊತ್ತಾದ ಮೇಲೆ ಇನ್ನೊಂದು ರೂಪದ ಸೂತ್ರ ಉಪಯೋಗಕ್ಕೆ ಬರುತ್ತದೆ: ಸಾಮರ್ಥ್ಯ = ಕರೆಂಟಿನ ವರ್ಗ × ರೋಧ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ಮೆದು ವೈರಿಗೆ ಮೀಟರಿಗೆ ಸುಮಾರು 0.0195 ಓಮ್ ರೋಧವಿರುತ್ತದೆ. 20 ಮೀಟರ್ ಉದ್ದದ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಕರೆಂಟ್ ಹೋಗಿ ಬರುವ ದಾರಿ 40 ಮೀಟರ್. ಇದನ್ನು 20 ಎಂದೇ ಹಿಡಿಯುವುದು ತುಂಬಾ ಸಾಮಾನ್ಯವಾದ ತಪ್ಪು. ರೋಧ 40 × 0.0195 = 0.78 ಓಮ್. ಅದರಲ್ಲಿ 6.5 ಆಂಪಿಯರ್ ಹರಿದರೆ ಇಳಿಯುವ ವೋಲ್ಟೇಜ್ 5 ವೋಲ್ಟ್, ವೈರಿನಲ್ಲೇ ಶಾಖವಾಗಿ ಹೋಗುವುದು 33 ವ್ಯಾಟ್. ವೈರನ್ನು ಉದ್ದಕ್ಕೆ ಬಿಚ್ಚಿಟ್ಟರೆ ಆ ಶಾಖ ಗಾಳಿಗೆ ಹೋಗುತ್ತದೆ; ಸುರುಳಿ ಸುತ್ತಿದಂತೆಯೇ ಬಿಟ್ಟರೆ ಒಳಗಿನ ಸುತ್ತುಗಳಲ್ಲಿ ಸೇರಿಕೊಂಡು ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ಇದಕ್ಕಿಂತ ಕೆಟ್ಟದ್ದು ಸಡಿಲವಾದ ಸಂಪರ್ಕ. ಸಾಕೆಟ್ಟಿನಲ್ಲಿ ಪಿನ್ ಕೂತಿರುವ ಜಾಗದಲ್ಲಿ ಬರಿಯ ಅರ್ಧ ಓಮ್ ಇದ್ದರೂ 6.5 ಆಂಪಿಯರಿಗೆ ಅಲ್ಲಿ 21 ವ್ಯಾಟ್ ಉತ್ಪತ್ತಿಯಾಗುತ್ತದೆ. ವೈರಿನ 33 ವ್ಯಾಟ್ 20 ಮೀಟರಿಗೆ ಹಂಚಿಹೋದರೆ, ಈ 21 ವ್ಯಾಟ್ ಉಗುರಿನಷ್ಟು ಜಾಗದಲ್ಲಿ ನಿಂತುಬಿಡುತ್ತದೆ. ಪಿನ್ನಿನ ಬುಡ ಕಂದುಬಣ್ಣಕ್ಕೆ ತಿರುಗಿ, ಪ್ಲಗ್ ತೆಗೆದಾಗ ಸುಟ್ಟ ಬೇಕಲೈಟಿನ ವಾಸನೆ ಬಂದರೆ ಸಾಕೆಟ್ ಮತ್ತು ಪ್ಲಗ್ ಎರಡನ್ನೂ ಬದಲಿಸಿ. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ.

ಕರೆಂಟ್ ಇಮ್ಮಡಿಯಾದರೆ ಈ ನಷ್ಟ ನಾಲ್ಕುಪಟ್ಟಾಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಸಾಗಿಸಿದಾಗ ವೋಲ್ಟೇಜನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸಿದ್ದರ ಹಿಂದಿನ ಲೆಕ್ಕವೂ ಇದೇ: ವೋಲ್ಟೇಜ್ ಹೆಚ್ಚಿಸಿ ಕರೆಂಟ್ ತಗ್ಗಿಸದಿದ್ದರೆ ಅಷ್ಟು ಉದ್ದದ ತಂತಿಯೇ ವಿದ್ಯುತ್ತನ್ನು ನುಂಗಿಹಾಕುತ್ತಿತ್ತು.

ಹಂತ 9: ಮೋಟರ್ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳಿಗೆ ಸೂತ್ರವನ್ನು ತಿದ್ದಿಕೊಳ್ಳಿ

ಎಸಿ ಮೋಟರಿನಲ್ಲಿ ಕರೆಂಟ್ ವೋಲ್ಟೇಜಿಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಹರಿಯುವ ಕರೆಂಟಿನ ಒಂದು ಭಾಗ ಕೆಲಸ ಮಾಡದೆ ಹೋಗಿ ಬರುತ್ತಿರುವುದರಿಂದ ವೋಲ್ಟೇಜ್ × ಕರೆಂಟ್ ಮಾಡಿದ ಉತ್ತರವನ್ನು ಪವರ್ ಫ್ಯಾಕ್ಟರ್ ಎಂಬ, ಒಂದಕ್ಕಿಂತ ಕಡಿಮೆಯಿರುವ ಸಂಖ್ಯೆಯಿಂದ ಗುಣಿಸಬೇಕು. ಅದು ಮೋಟರಿನ ಫಲಕದ ಮೇಲೆ ಬರೆದಿರುತ್ತದೆ, ಪವರ್ ಮೀಟರೂ ತೋರಿಸುತ್ತದೆ. 230 ವೋಲ್ಟಿನಲ್ಲಿ 4 ಆಂಪಿಯರ್ ಎಳೆಯುವ ನೀರಿನ ಪಂಪಿನ ಪವರ್ ಫ್ಯಾಕ್ಟರ್ 0.8 ಆಗಿದ್ದರೆ ಸಾಮರ್ಥ್ಯ 920 ವ್ಯಾಟ್ ಅಲ್ಲ, 736 ವ್ಯಾಟ್. 230 ÷ 4 = 57.5 ಓಮ್ ಎಂದು ಬರುವ ಉತ್ತರವೂ ತಂತಿಸುರುಳಿಯ ರೋಧವಲ್ಲ. ಅದು ಇಂಪೀಡೆನ್ಸ್, ಅಂದರೆ ಎಸಿಗೆ ಸುರುಳಿ ಒಡ್ಡುವ ಒಟ್ಟು ತಡೆ. ಸುರುಳಿಯನ್ನು ಮಲ್ಟಿಮೀಟರಿನಲ್ಲಿ ಅಳೆದರೆ ಅದಕ್ಕಿಂತ ಬಹಳ ಕಡಿಮೆ ಓಮ್ ಬರುತ್ತದೆ, ಅದನ್ನು ನೋಡಿ ಮೋಟರ್ ಸುಟ್ಟಿದೆ ಎಂದು ತೀರ್ಮಾನಿಸಬೇಡಿ.

ಎಲ್‌ಇಡಿ ಬಲ್ಬ್, ಟಿವಿ, ಚಾರ್ಜರ್‌ಗಳ ಒಳಗಿನ ಸರ್ಕ್ಯೂಟ್ ತನಗೆ ಬೇಕಾದ ಸಾಮರ್ಥ್ಯವನ್ನು ಕಾಯ್ದುಕೊಳ್ಳುವಂತೆ ರಚಿತವಾಗಿರುವುದು ಹೆಚ್ಚು. ಅಂಥವುಗಳಲ್ಲಿ ವೋಲ್ಟೇಜ್ ಇಳಿದರೆ ಕರೆಂಟ್ ನಿಜವಾಗಿಯೂ ಏರುತ್ತದೆ. ಇಲ್ಲಿ ರೋಧ ಲೆಕ್ಕ ಹಾಕುವುದಕ್ಕೆ ಅರ್ಥವಿಲ್ಲ, ವ್ಯಾಟನ್ನು ಪವರ್ ಮೀಟರಿನಿಂದ ನೇರವಾಗಿ ಓದಿಕೊಳ್ಳಿ.

ತೋಟದ ಮೂರು ಫೇಸ್ ಪಂಪ್‌ಸೆಟ್ಟಿಗೆ ಸೂತ್ರ 1.732 × ವೋಲ್ಟೇಜ್ × ಕರೆಂಟ್ × ಪವರ್ ಫ್ಯಾಕ್ಟರ್. ಇಲ್ಲಿ ವೋಲ್ಟೇಜ್ ಎಂದರೆ ಎರಡು ಫೇಸ್‌ಗಳ ನಡುವಿನದು, ಕರೆಂಟ್ ಎಂದರೆ ಒಂದು ಫೇಸ್ ತಂತಿಯದು. 415 ವೋಲ್ಟ್, 7.5 ಆಂಪಿಯರ್, 0.8 ಪವರ್ ಫ್ಯಾಕ್ಟರ್ ಇದ್ದರೆ ಸುಮಾರು 4300 ವ್ಯಾಟ್. ಒಂದು ಎಚ್‌ಪಿ, ಅಂದರೆ ಒಂದು ಅಶ್ವಶಕ್ತಿ, ಎಂದರೆ 746 ವ್ಯಾಟ್, ಹಾಗಾದರೆ 5 ಎಚ್‌ಪಿ ಮೋಟರ್ 3730 ವ್ಯಾಟ್ ತಾನೇ ಎಳೆಯಬೇಕು ಎಂದು ಕೇಳುವವರಿದ್ದಾರೆ. ಫಲಕದ ಮೇಲಿನ ಎಚ್‌ಪಿ ಮೋಟರಿನ ದಂಡ ಹೊರಕ್ಕೆ ಕೊಡುವ ಸಾಮರ್ಥ್ಯ. ಒಳಗಿನ ನಷ್ಟಗಳೂ ಸೇರಿ ಲೈನಿನಿಂದ ಎಳೆಯುವುದು ಅದಕ್ಕಿಂತ ಹೆಚ್ಚೇ ಇರುತ್ತದೆ. ಕ್ಲಾಂಪ್ ಮೀಟರ್ ಹಾಕಿಸುವಾಗ ಮೂರು ಫೇಸ್‌ಗಳ ಕರೆಂಟನ್ನೂ ಒಂದೊಂದಾಗಿ ಬರೆದುಕೊಳ್ಳಿ. ಮೂರೂ ಹತ್ತಿರ ಹತ್ತಿರ ಇರಬೇಕು. ಒಂದರಲ್ಲಿ ತೀರ ಕಡಿಮೆಯಾಗಿ ಉಳಿದೆರಡರಲ್ಲಿ ಏರಿದ್ದರೆ ಒಂದು ಫೇಸ್ ಕೈಕೊಟ್ಟಿದೆ ಎಂದು ತಿಳಿದು, ಸುರುಳಿ ಸುಡುವ ಮುನ್ನ ಮೋಟರನ್ನು ಕೂಡಲೇ ನಿಲ್ಲಿಸಿ.